‘ಕನ್ಸೆಂಟ್’ ಎಂಬ ಶಬ್ದದ ಕಥೆ

ಮನುಷ್ಯರಿಗೆ ಕುಲಗೋತ್ರಗಳಿರುವಂತೆ ಶಬ್ದಗಳಿಗೂ ಉಂಟು. ಒಂದು ಶಬ್ದವು ಎಲ್ಲಿ ಹುಟ್ಟಿತು, ಯಾವ ಯಾವ ನಾಡುಗಳನ್ನು ಸುತ್ತಿತು, ಯಾವ ಅರ್ಥವನ್ನು ಗಳಿಸಿ ಯಾವುದನ್ನು ಕಳೆದುಕೊಂಡಿತು ಎಂದು ವಿಚಾರಿಸುತ್ತ ಹೋದರೆ, ಆ ಶಬ್ದವನ್ನಾಡಿದ ಜನರ ಚರಿತ್ರೆಯೇ ನಮ್ಮೆದುರಿಗೆ ಬಂದು ನಿಲ್ಲುತ್ತದೆ. ಅಂಥ ಒಂದು ಶಬ್ದವನ್ನು ಈ ಸಲ ವಾಚಕರ ಮುಂದಿಡಲು ಬಯಸುತ್ತೇವೆ. ಶಬ್ದವು ಆಂಗ್ಲ ಭಾಷೆಯದು. ಆದರೆ ಇಂದು ಅದು ಕಾಲಿಡದ ಮನೆಯಿಲ್ಲ.

ಅದರ ವಿಚಾರವು ನಮಗೆ ಹತ್ತಿದ ಬಗೆ ಹೀಗೆ. ಕಳೆದ ವರ್ಷ ನಮ್ಮ ಮನೆಯವರ ಬಲಗಣ್ಣಿಗೆ ಪೊರೆ ಬಂದಿತು. ಶಸ್ತ್ರಚಿಕಿತ್ಸೆಯಾಗಬೇಕೆಂದು ವೈದ್ಯರು ಹೇಳಿದರು. ನಾವು ವೈದ್ಯರೊಡನೆ ಮಾತನಾಡಿ, ಬರುವ ಸೋಮವಾರವೆಂದು ದಿನವನ್ನು ಗೊತ್ತುಮಾಡಿ, ಹಣವನ್ನು ಹೊಂದಿಸಿಕೊಂಡು, ಪರೀಕ್ಷೆಗಳಿಗಾಗಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ದಾದಿಯೊಬ್ಬಳು, ಹಿಂದೆ ನಮ್ಮಲ್ಲಿ ಓದಿದವಳೇ, ಒಂದು ಕಾಗದವನ್ನು ತಂದು, “ಇದು ಕನ್ಸೆಂಟ್ ಫಾರಂ, ಸಹಿಯಾಗಬೇಕು” ಎಂದಳು. ನಾವು ಜೇಬಿನಿಂದ ಲೇಖನಿಯನ್ನು ತೆಗೆದು ಕಾಗದಕ್ಕೆ ಕೈಚಾಚಿದೆವು. ಆ ಹುಡುಗಿಯು ಸಂಕೋಚದಿಂದಲೇ ಕಾಗದವನ್ನು ಹಿಂದಕ್ಕೆಳೆದುಕೊಂಡು, “ಮೇಷ್ಟ್ರೇ, ಕಣ್ಣು ಅಮ್ಮನವರದು, ಸಹಿಯೂ ಅವರದೇ ಆಗಬೇಕು” ಎಂದಳು.

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳ ತಪ್ಪುಗಳನ್ನು ತಿದ್ದಿದ ನಮಗೆ ಆ ದಿನ ನಮ್ಮ ಶಿಷ್ಯೆಯಿಂದಲೇ ತಿದ್ದುಪಡಿಯಾಯಿತು. ಮನೆಗೆ ಬಂದಮೇಲೆ ನಿಘಂಟುಗಳನ್ನು ತೆರೆದು ಕುಳಿತೆವು. ಅಲ್ಲಿ ಕಂಡುದನ್ನೂ, ಅದರಿಂದ ಮನಸ್ಸಿಗೆ ಬಂದುದನ್ನೂ ಇಲ್ಲಿ ಹೇಳುತ್ತೇವೆ.

‘ಕನ್ಸೆಂಟ್’ ಎಂಬುದು ಲ್ಯಾಟಿನ್ ಮೂಲದ ಶಬ್ದ. ‘ಕನ್’ ಎಂಬ ಉಪಸರ್ಗಕ್ಕೆ ‘ಕೂಡಿ’ ಎಂದರ್ಥ. ನಮ್ಮ ‘ಸಮ್’ ಎಂಬ ಉಪಸರ್ಗವು ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ‘ಸೆಂತೀರೆ’ ಎಂಬ ಧಾತುವಿಗೆ ಅನುಭವಿಸು, ಇಂದ್ರಿಯದಿಂದ ತಿಳಿ, ಭಾವಿಸು ಎಂಬ ಅರ್ಥಗಳಿವೆ. ಇವೆರಡೂ ಸೇರಿ ‘ಕನ್ಸೆಂತೀರೆ’, ಎಂದರೆ ಕೂಡಿ ಅನುಭವಿಸು, ಒಂದೇ ಭಾವದವರಾಗು ಎಂದಾಯಿತು. ಲ್ಯಾಟಿನ್ನಿನಿಂದ ಇದು ಹಳೆಯ ಫ್ರೆಂಚ್ ಭಾಷೆಗೆ ಇಳಿದು, ಅಲ್ಲಿಂದ ೧೩ನೆಯ ಶತಮಾನದಲ್ಲಿ ಆಂಗ್ಲ ಭಾಷೆಯನ್ನು ಸೇರಿತು.

ಇದರ ಒಡಹುಟ್ಟಿದವರು ಬಹು ಮಂದಿ. ಇಂದ್ರಿಯಕ್ಕೂ ಅರ್ಥಕ್ಕೂ ಆಂಗ್ಲರು ಹೇಳುವ ‘ಸೆನ್ಸ್’, ವಾಕ್ಯಕ್ಕೂ ನ್ಯಾಯಾಧೀಶನ ತೀರ್ಪಿಗೂ ಹೇಳುವ ‘ಸೆಂಟೆನ್ಸ್’, ಭಾವಕ್ಕೆ ಹೇಳುವ ‘ಸೆಂಟಿಮೆಂಟ್’, ಪರಿಮಳಕ್ಕೆ ಹೇಳುವ ‘ಸೆಂಟ್’, ಇವೆಲ್ಲ ಅದೇ ಧಾತುವಿನ ಸಂತಾನ. ಬೇರೆಯಾಗಿ ಭಾವಿಸುವುದು ‘ಡಿಸೆಂಟ್’, ಭಿನ್ನಮತ. ಆದ ನೋವನ್ನು ಮತ್ತೆ ಮತ್ತೆ ಅನುಭವಿಸಿ ಮುನಿಯುವುದು ‘ರಿಸೆಂಟ್’. ಹಲವರು ಏಕಾಭಿಪ್ರಾಯಕ್ಕೆ ಬರುವುದು ‘ಕನ್ಸೆನ್ಸಸ್’. ಶಾಸನಸಭೆಯ ಮಸೂದೆಗೆ ರಾಷ್ಟ್ರಪತಿಗಳು ಅಂಕಿತವನ್ನು ಕೊಡುವರಲ್ಲವೆ, ಅದು ‘ಅಸೆಂಟ್’. ಮುಂದಿಟ್ಟ ಮಾತಿನ ಕಡೆಗೆ ಮನಸ್ಸನ್ನು ಒಲಿಸುವುದೆಂಬುದು ಅದರ ಮೂಲಾರ್ಥ. ಇಡೀ ಮನೆತನಕ್ಕೆ ಅನುಭವವೇ ಕುಲದೈವ. ತಲೆಯಾಡಿಸುವುದು, ಸಹಿಹಾಕುವುದು ಎಂಬ ಅರ್ಥಗಳು ಮೂಲದಲ್ಲಿ ಎಲ್ಲಿಯೂ ಇಲ್ಲ.

ಪೂರ್ವದಲ್ಲಿ ಈ ಶಬ್ದಕ್ಕೆ ಇನ್ನೂ ವಿಶಾಲವಾದ ಅರ್ಥವಿತ್ತು. ಶರೀರದ ಒಂದು ಅಂಗಕ್ಕೆ ನೋವಾದರೆ ಮತ್ತೊಂದು ಅಂಗವೂ ನೋಯುವುದುಂಟಷ್ಟೆ. ಹೊಟ್ಟೆ ಕೆಟ್ಟರೆ ತಲೆ ನೋಯುವುದು ಎಲ್ಲರೂ ಬಲ್ಲ ಸಂಗತಿ. ಯೂರೋಪಿನ ಹಿಂದಿನ ವೈದ್ಯರು ಇದನ್ನು ಅಂಗಗಳ ‘ಕನ್ಸೆಂಟ್’ ಎಂದೇ ಕರೆಯುತ್ತಿದ್ದರು. ಉಚ್ಚಾರಣೆಯಲ್ಲಿ ಇದನ್ನೇ ಹೋಲುವ, ಬರೆಹದಲ್ಲಿ ಮಾತ್ರ ಒಂದಕ್ಷರದ ಭೇದವುಳ್ಳ ಬೇರೊಂದು ಆಂಗ್ಲ ಶಬ್ದವೂ ಇತ್ತು. ಅದು ಹಾಡು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದು, ಸ್ವರಗಳ ಮೇಳಕ್ಕೆ ಹೆಸರಾಗಿತ್ತು. ೧೬, ೧೭ನೆಯ ಶತಮಾನಗಳ ಲೇಖಕರು ಇವೆರಡನ್ನೂ ಒಂದರೊಡನೊಂದು ಬೆರೆಸಿ ಬಳಸಿದ್ದಾರೆ. ವ್ಯಾಕರಣದ ದೃಷ್ಟಿಯಿಂದ ಇದು ದೋಷವೇ. ಆದರೂ ಬಹು ಸೊಗಸಾದ ದೋಷ. ಹಾಡುವವನ ಶ್ರುತಿಗೆ ತಂಬೂರಿಯು ಒದಗಿಬರುವಂತೆ ಒಬ್ಬನ ಮನಸ್ಸಿಗೆ ಇನ್ನೊಬ್ಬನ ಮನಸ್ಸು ಒದಗಿಬರುವುದಲ್ಲವೆ ನಿಜವಾದ ಒಪ್ಪಿಗೆ?

ನಮ್ಮ ಭಾಷೆಗಳಲ್ಲಿ ಇದಕ್ಕೆ ಸಮಾನವಾದ ಶಬ್ದಗಳನ್ನು ನೋಡೋಣ. ‘ಮನ್’ ಧಾತುವಿಗೆ ‘ಸಮ್’ ಸೇರಿದರೆ ‘ಸಮ್ಮತಿ’, ಕೂಡಿದ ಮತಿ. ಲ್ಯಾಟಿನ್ನಿನವರು ಅನುಭವಕ್ಕೆ ಕೊಟ್ಟ ಸ್ಥಾನವನ್ನು ನಮ್ಮವರು ಮನನಕ್ಕೆ ಕೊಟ್ಟರು. ಮಿಕ್ಕಂತೆ ಎರಡೂ ಒಂದೇ ಅಚ್ಚಿನವು. ಅದೇ ಧಾತುವಿಗೆ ‘ಅನು’ ಸೇರಿದರೆ ‘ಅನುಮತಿ’. ಇವೆರಡಕ್ಕೂ ಭೇದವಿದೆ. ಸಮ್ಮತಿಯು ಸಮಾನರ ನಡುವಣ ಮಾತು. ಅನುಮತಿಯಾದರೋ ಒಬ್ಬನು ಬೇಡಿ ಇನ್ನೊಬ್ಬನು ಕೊಡತಕ್ಕದ್ದು. ‘ಅನುಮತಿ’ ಎಂಬುದು ಒಂದು ತಿಥಿಯ ಹೆಸರೂ ಹೌದು. ಷೋಡಶ ಕಲೆಗಳಲ್ಲಿ ಒಂದು ಕಲೆ ಕಡಮೆಯಾದ ಚಂದ್ರನುಳ್ಳ ಹುಣ್ಣಿಮೆಗೆ ಅನುಮತಿಯೆಂದೂ, ಚಂದ್ರನು ಪೂರ್ಣನಾಗಿರುವ ಹುಣ್ಣಿಮೆಗೆ ರಾಕಾ ಎಂದೂ ಅಮರಸಿಂಹನು ಹೇಳಿದ್ದಾನೆ. ಮನಸ್ಸು ತುಂಬಿ ಒಪ್ಪುವುದಕ್ಕೂ ‘ಆಗಲಿ, ಮಾಡಿಕೊಳ್ಳಿ’ ಎನ್ನುವುದಕ್ಕೂ ಒಂದು ಕಲೆಯ ಅಂತರವಿದೆಯೆಂದು ನಾವು ತರಗತಿಯಲ್ಲಿ ಹೇಳುತ್ತಿದ್ದುದುಂಟು.

ಕನ್ನಡದ ‘ಒಪ್ಪಿಗೆ’ಯು ಇವೆಲ್ಲಕ್ಕಿಂತ ಚೆಲುವಾದ ಶಬ್ದ. ‘ಒಪ್ಪು’ ಎಂದರೆ ಸಮ್ಮತಿಸು ಎಂದೂ ಅರ್ಥ, ಶೋಭಿಸು ಎಂದೂ ಅರ್ಥ. ಆ ಬಣ್ಣ ಅವಳಿಗೆ ಒಪ್ಪುತ್ತದೆ ಎನ್ನುತ್ತೇವೆ. ಆ ಮಾತಿಗೆ ನಾವು ಒಪ್ಪುತ್ತೇವೆ ಎಂದೂ ಎನ್ನುತ್ತೇವೆ. ಇಷ್ಟು ಮಾತ್ರವಲ್ಲ. ನಮ್ಮ ನಾಡಿನ ಶಾಸನಗಳ ಕೊನೆಯಲ್ಲಿ ‘ಒಪ್ಪ’ ಎಂಬ ಮಾತು ಬರುತ್ತದೆ. ಅಲ್ಲಿ ಅದಕ್ಕೆ ರುಜು ಎಂದರ್ಥ. ಊರಿನ ಮಹಾಜನರು ಒಂದು ದತ್ತಿಗೋ ಕಟ್ಟಳೆಗೋ ಸಮ್ಮತಿಸಿ ತಮ್ಮ ಒಪ್ಪವನ್ನು ಹಾಕುತ್ತಿದ್ದರು. ವಿಜಯನಗರದ ಅರಸರ ತಾಮ್ರಶಾಸನಗಳ ಅಂತ್ಯದಲ್ಲಿ, ಮೇಲಿನ ಶ್ಲೋಕಗಳೆಲ್ಲ ನಾಗರಲಿಪಿಯಲ್ಲಿದ್ದರೂ, ‘ಶ್ರೀ ವಿರೂಪಾಕ್ಷ’ ಎಂಬ ಒಪ್ಪವು ಕನ್ನಡ ಲಿಪಿಯಲ್ಲಿ ಮೆರೆಯುತ್ತದೆ. ಹೀಗೆ ಮನಸ್ಸಿಗೆ ಒಪ್ಪುವುದು, ಮಾತಿನಲ್ಲಿ ಒಪ್ಪುವುದು, ಕೈಯಿಂದ ಒಪ್ಪವಿಡುವುದು ಎಂಬ ಮೂರು ಮೆಟ್ಟಿಲುಗಳೂ ನಮ್ಮ ಒಂದೇ ಶಬ್ದದಲ್ಲಿ ಅಡಗಿವೆ. ಕಷ್ಟವೇನೆಂದರೆ, ಮೊದಲೆರಡು ಮೆಟ್ಟಿಲುಗಳನ್ನು ಹತ್ತದೆಯೇ ಮೂರನೆಯದಕ್ಕೆ ನೆಗೆಯುವ ಅಭ್ಯಾಸವು ಲೋಕಕ್ಕೆ ಬಹು ಹಿಂದಿನಿಂದಲೂ ಇದೆ. ಆಂಗ್ಲ ಶಬ್ದದ ಚರಿತ್ರೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

ವಿವಾಹವನ್ನುಂಟುಮಾಡುವುದು ಉಭಯರ ಸಮ್ಮತಿಯೇ ಎಂಬುದು ರೋಮನರ ಧರ್ಮಶಾಸ್ತ್ರದ ಪ್ರಸಿದ್ಧ ಸೂತ್ರ. ಕ್ರಿ. ಶ. ೩ನೆಯ ಶತಮಾನದ ಆರಂಭದಲ್ಲಿದ್ದ ಉಲ್ಪಿಯನ್ ಎಂಬ ಧರ್ಮಶಾಸ್ತ್ರಜ್ಞನು ಇದನ್ನು ಹೇಳಿದನು. ಕೇಳಲು ಎಷ್ಟು ಉದಾರವಾದ ಮಾತು! ಆದರೆ ಅದೇ ಉಲ್ಪಿಯನ್ನನು ಮತ್ತೊಂದೆಡೆ, ತಂದೆಯ ಇಚ್ಛೆಯನ್ನು ಮಗಳು ಎದುರಿಸದಿದ್ದರೆ ಅವಳು ಸಮ್ಮತಿಸಿದಳೆಂದೇ ತಿಳಿಯತಕ್ಕದ್ದೆಂದೂ ಹೇಳಿದನು. ಮುಂದಿನ ಬಾಗಿಲಿನಿಂದ ಒಳಗೆ ಬಂದ ಸಮ್ಮತಿಯು ಹೀಗೆ ಹಿತ್ತಿಲ ಬಾಗಿಲಿನಿಂದ ಹೊರಟುಹೋಯಿತು. ತಂದೆಯ ಅನ್ನವನ್ನುಂಡು ಬೆಳೆದ ಹದಿಮೂರು ಹದಿನಾಲ್ಕರ ಬಾಲೆಯು ಎದುರು ನಿಂತು ‘ಒಲ್ಲೆ’ ಎನ್ನುವುದು ಎಲ್ಲಾದರೂ ಉಂಟೆ?

೧೨೯೮ರಲ್ಲಿ ಎಂಟನೆಯ ಬೋನಿಫೇಸ್ ಎಂಬ ಪೋಪ್ ಗುರುವು ಹೊರಡಿಸಿದ ಧರ್ಮಸಂಹಿತೆಯಲ್ಲಿ, ಸುಮ್ಮನಿರುವವನು ಸಮ್ಮತಿಸಿದಂತೆ ಕಾಣುತ್ತಾನೆ ಎಂಬ ನಿಯಮವು ಸೇರಿತು. ನಮ್ಮ ‘ಮೌನಂ ಸಮ್ಮತಿಲಕ್ಷಣಂ’ ಎಂಬ ನುಡಿಯ ಸರಿಯಾದ ಜೋಡಿ ಅದು. ಅಲ್ಲಿಯೇ ಅದರ ಮುಂದಿನ ನಿಯಮವು, ಸುಮ್ಮನಿರುವವನು ಒಪ್ಪಿಕೊಳ್ಳುವುದೂ ಇಲ್ಲ, ಹಾಗೆಂದು ನಿರಾಕರಿಸಿದಂತೆ ಕಾಣುವುದೂ ಇಲ್ಲ ಎನ್ನುತ್ತದೆ. ಲೋಕವು ಮೊದಲನೆಯ ನಿಯಮವನ್ನು ಬಾಯಿಪಾಠ ಮಾಡಿತು, ಎರಡನೆಯದನ್ನು ಮರೆತುಬಿಟ್ಟಿತು.

ಮೌನದ ಅರ್ಥವನ್ನು ಕುರಿತು ಒಬ್ಬ ಮಹಾಪುರುಷನ ಪ್ರಾಣವೇ ಹೋದುದುಂಟು. ಇಂಗ್ಲೆಂಡಿನ ಎಂಟನೆಯ ಹೆನ್ರಿ ದೊರೆಯು ಆ ದೇಶದ ಕ್ರೈಸ್ತಮಠಕ್ಕೆ ತಾನೇ ಅಧಿಪತಿಯೆಂದು ಸಾರಿದಾಗ, ಹಿಂದೆ ಅವನ ಪ್ರಧಾನ ನ್ಯಾಯಾಧಿಕಾರಿಯಾಗಿದ್ದ ಸರ್ ಥಾಮಸ್ ಮೋರನು ಆ ವಿಷಯದಲ್ಲಿ ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ೧೫೩೫ರ ವಿಚಾರಣೆಯಲ್ಲಿ ಅವನ ಮೌನವೇ ದ್ರೋಹವೆಂದು ಆರೋಪಿಸಲಾಯಿತು. ಮೌನವು ಸಮ್ಮತಿಯ ಲಕ್ಷಣವೆಂದಲ್ಲವೆ ಶಾಸ್ತ್ರವು ಹೇಳುವುದು, ಎಂದು ಮೋರನು ವಾದಿಸಿದನು. ವಾದವು ನಿಲ್ಲಲಿಲ್ಲ, ಅದೇ ವರ್ಷದ ಜುಲೈ ೬ರಂದು ಅವನ ಶಿರಚ್ಛೇದವಾಯಿತು. ಬಲಶಾಲಿಗೆ ಬೇಕಾದಾಗ ಮೌನವು ಸಮ್ಮತಿ. ಬೇಡವಾದಾಗ ಅದೇ ಮೌನವು ದ್ರೋಹ. ಮೌನಕ್ಕೆ ಅರ್ಥವನ್ನು ಹಚ್ಚುವವನು ಮೌನಿಯಲ್ಲ, ಎದುರಿಗೆ ಕುಳಿತವನು.

ಮುಂದೆ ಈ ಶಬ್ದವು ರಾಜ್ಯಶಾಸ್ತ್ರವನ್ನು ಪ್ರವೇಶಿಸಿತು. ರಾಜನ ಅಧಿಕಾರಕ್ಕೆ ಪ್ರಜೆಗಳ ಸಮ್ಮತಿಯೇ ಮೂಲವೆಂದು ಜಾನ್ ಲಾಕ್ ಎಂಬ ತತ್ತ್ವಜ್ಞನು ೧೬೮೯ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಆದರೆ ಒಂದು ರಾಜ್ಯದ ಹೆದ್ದಾರಿಯಲ್ಲಿ ಸುಮ್ಮನೆ ನಡೆದುಹೋಗುವವನು ಕೂಡ ಆ ರಾಜ್ಯದ ಕಟ್ಟಳೆಗಳಿಗೆ ಮೌನವಾಗಿ ಸಮ್ಮತಿಸಿದವನೆಂದು ಸೇರಿಸಿದನು. ೧೭೭೬ರ ಜುಲೈ ೪ರಂದು ಅಮೆರಿಕದವರು ಹೊರಡಿಸಿದ ಸ್ವಾತಂತ್ರ್ಯ ಘೋಷಣೆಯಲ್ಲಿಯೂ, ಆಳಿಸಿಕೊಳ್ಳುವವರ ‘ಕನ್ಸೆಂಟ್’ ಇಂದಲೇ ಸರಕಾರಕ್ಕೆ ನ್ಯಾಯವಾದ ಅಧಿಕಾರವು ಬರುತ್ತದೆಂಬ ಮಾತಿದೆ. ಆಗ ಅಲ್ಲಿ ಲಕ್ಷಾಂತರ ಜನ ಗುಲಾಮರಾಗಿದ್ದರು. ಅವರನ್ನು ಯಾರೂ ಕೇಳಲಿಲ್ಲ. ಆ ದೇಶದ ಸ್ತ್ರೀಯರಿಗೆ ಮತಾಧಿಕಾರವು ರಾಜ್ಯಾಂಗದ ಮೂಲಕ ದೊರೆತುದು ೧೯೨೦ರಲ್ಲಿ. ಶಬ್ದದ ಅರ್ಥವು ಬದಲಾಗಲಿಲ್ಲ. ಯಾರನ್ನು ಕೇಳಬೇಕು ಎಂಬ ಪಟ್ಟಿಯು ಮಾತ್ರ ನಿಧಾನವಾಗಿ ಬೆಳೆಯಿತು. ಈ ಶಬ್ದದ ನಿಜವಾದ ಚರಿತ್ರೆಯೆಂದರೆ ಆ ಪಟ್ಟಿಯ ಚರಿತ್ರೆಯೇ ಎಂದು ನಮಗೆ ತೋರುತ್ತದೆ.

ನಮ್ಮ ದೇಶಕ್ಕೆ ಈ ಶಬ್ದವು ನ್ಯಾಯಾಲಯಗಳ ದಾರಿಯಿಂದ ಬಂದಿತು. ೧೮೭೨ರ ಕರಾರು ಕಾಯಿದೆಯ ೧೩ನೆಯ ವಿಧಿಯಲ್ಲಿ ಅದರ ಲಕ್ಷಣವನ್ನು ಹೇಳಿದೆ: ಇಬ್ಬರು ಅಥವಾ ಹೆಚ್ಚು ಮಂದಿ ಒಂದೇ ವಿಷಯಕ್ಕೆ ಒಂದೇ ಅರ್ಥದಲ್ಲಿ ಒಪ್ಪಿದರೆ ಅದು ‘ಕನ್ಸೆಂಟ್’. ಇಲ್ಲಿ ಅರ್ಥವೆಂಬುದಕ್ಕೆ ಮೂಲದಲ್ಲಿ ಬಳಸಿರುವುದು ‘ಸೆನ್ಸ್’ ಎಂಬ ಶಬ್ದ. ಮೇಲೆ ಹೇಳಿದ ಒಡಹುಟ್ಟೇ ಇಲ್ಲಿ ಸಾಕ್ಷಿಯಾಗಿ ಬಂದಿದೆ. ಮುಂದಿನ ವಿಧಿಯ ಪ್ರಕಾರ ಬಲಾತ್ಕಾರ, ಅನುಚಿತ ಪ್ರಭಾವ, ವಂಚನೆ, ತಪ್ಪು ನಿರೂಪಣೆ, ತಪ್ಪು ತಿಳಿವಳಿಕೆ, ಈ ಐದರಲ್ಲಿ ಯಾವುದರಿಂದಲಾದರೂ ಪಡೆದ ಸಮ್ಮತಿಯು ಸ್ವತಂತ್ರವಾದ ಸಮ್ಮತಿಯಲ್ಲ. ಹತ್ತು ರೂಪಾಯಿಯ ವ್ಯಾಪಾರಕ್ಕೂ ಇಷ್ಟು ರಕ್ಷಣೆಯನ್ನು ಕೊಟ್ಟ ಕಾಲದಲ್ಲಿಯೇ ಹೆಣ್ಣುಮಗುವಿನ ಜೀವಮಾನದ ವಿಷಯದಲ್ಲಿ ಏನು ನಡೆಯುತ್ತಿತ್ತೆಂಬುದನ್ನು ನೋಡಬೇಕು.

ಮುಂಬಯಿಯ ರಖ್ಮಾಬಾಯಿಯವರಿಗೆ ೧೧ನೆಯ ವಯಸ್ಸಿನಲ್ಲಿ ವಿವಾಹವಾಗಿತ್ತು; ಅವರು ತಾಯಿಯ ಮನೆಯಲ್ಲಿಯೇ ಬೆಳೆದು ವಿದ್ಯಾವತಿಯಾದರು. ೧೮೮೪ರಲ್ಲಿ ಗಂಡನು ಅವರನ್ನು ತನ್ನ ಮನೆಗೆ ಕಳುಹಿಸಬೇಕೆಂದು ದಾವೆ ಹೂಡಿದನು. ಏನೂ ತಿಳಿಯದ ವಯಸ್ಸಿನಲ್ಲಿ, ತಮ್ಮ ಸಮ್ಮತಿಯಿಲ್ಲದೆ ಆದ ವಿವಾಹಕ್ಕೆ ತಾವು ಕಟ್ಟುಬೀಳತಕ್ಕದ್ದಿಲ್ಲವೆಂದು ಅವರು ನಿಂತರು. ಮೊದಲು ನ್ಯಾಯಾಧೀಶ ಪಿನ್ಹೆಯವರು ಅವರ ಪರವಾಗಿ ತೀರ್ಪಿತ್ತರು. ಮೇಲ್ಮನವಿಯಿಂದ ಅದು ತಿರುವುಮುರುವಾಗಿ, ೧೮೮೭ರಲ್ಲಿ ಗಂಡನ ಮನೆಗೆ ಹೋಗಬೇಕು, ಇಲ್ಲವಾದರೆ ಆರು ತಿಂಗಳ ಸೆರೆವಾಸವೆಂದು ಆಜ್ಞೆಯಾಯಿತು. ಸೆರೆಮನೆಗೇ ಹೋಗುವೆನೆಂದರು ಆ ಧೀರೆ. ೧೮೮೮ರಲ್ಲಿ ಗಂಡನು ೨,೦೦೦ ರೂಪಾಯಿಗಳನ್ನು ತೆಗೆದುಕೊಂಡು ರಾಜಿಯಾದನು. ರಖ್ಮಾಬಾಯಿಯವರು ಲಂಡನ್ನಿಗೆ ಹೋಗಿ ವೈದ್ಯಶಾಸ್ತ್ರವನ್ನೋದಿ ೧೮೯೪ರಲ್ಲಿ ವೈದ್ಯರಾಗಿ, ಸೂರತ್ ಮತ್ತು ರಾಜಕೋಟೆಗಳಲ್ಲಿ ಬಹುಕಾಲ ಸ್ತ್ರೀಯರ ಸೇವೆ ಮಾಡಿದರು.

ಈ ವ್ಯಾಜ್ಯದಿಂದಲೂ, ಕಲ್ಕತ್ತೆಯಲ್ಲಿ ಫೂಲಮಣಿಯೆಂಬ ಹತ್ತು ಹನ್ನೊಂದು ವರ್ಷದ ಬಾಲವಧುವು ಗಂಡನಿಂದಾದ ಗಾಯದಿಂದ ಸತ್ತುದರಿಂದಲೂ ದೇಶದಲ್ಲಿ ದೊಡ್ಡ ಚರ್ಚೆಯೆದ್ದಿತು. ಅದರ ಫಲವಾಗಿ ೧೮೯೧ರಲ್ಲಿ ‘ಏಜ್ ಆಫ್ ಕನ್ಸೆಂಟ್’, ಎಂದರೆ ಸಮ್ಮತಿಯ ವಯಸ್ಸಿನ ಕಾಯಿದೆಯು ಬಂದು, ಆ ವಯಸ್ಸು ೧೦ರಿಂದ ೧೨ಕ್ಕೆ ಏರಿತು. ಏರಿದುದು ಎರಡೇ ವರ್ಷ. ಅದಕ್ಕೂ ಲೋಕಮಾನ್ಯ ತಿಲಕರಂಥ ದೇಶಭಕ್ತರು, ಪರಕೀಯ ಸರಕಾರವು ನಮ್ಮ ಧರ್ಮದಲ್ಲಿ ಕೈಹಾಕಕೂಡದೆಂದು ವಿರೋಧಿಸಿದರು. ಮೈಸೂರು ಸಂಸ್ಥಾನವಂತೂ ೧೮೯೪ರಲ್ಲಿಯೇ ೮ ವರ್ಷಕ್ಕೆ ಕೆಳಗಿನ ಹೆಣ್ಣುಮಕ್ಕಳ ವಿವಾಹವನ್ನೂ, ೫೦ ಮೀರಿದ ಪುರುಷನು ೧೪ ತುಂಬದ ಬಾಲಿಕೆಯನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ೧೯೨೯ರ ಶಾರದಾ ಕಾಯಿದೆಯು ಕನ್ಯೆಗೆ ೧೪ ಎಂದು ಗೊತ್ತುಮಾಡಿತು. ೧೯೭೮ರ ತಿದ್ದುಪಡಿಯಿಂದ ಅದು ೧೮ ಆಯಿತು. ಒಂದೊಂದು ವರ್ಷವನ್ನು ಏರಿಸುವುದಕ್ಕೂ ಎಷ್ಟು ಕಾಲ ಹಿಡಿಯಿತೆಂಬುದನ್ನು ವಾಚಕರು ಗಮನಿಸಬೇಕು.

ವೈದ್ಯರ ಕೈಯಲ್ಲಿ ಈ ಶಬ್ದವು ಪಡೆದ ಹೊಸ ಜನ್ಮವೂ ಇಂಥದೇ. ಪ್ರಾಪ್ತವಯಸ್ಕನಾದ, ಸ್ವಸ್ಥಚಿತ್ತನಾದ ಪ್ರತಿಯೊಬ್ಬನಿಗೂ ತನ್ನ ಶರೀರದ ವಿಷಯವನ್ನು ತಾನೇ ನಿರ್ಧರಿಸುವ ಹಕ್ಕಿದೆಯೆಂದು ೧೯೧೪ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಕಾರ್ಡೋಜೋ ಹೇಳಿದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಕೆಲವು ವೈದ್ಯರು ಸೆರೆಯಾಳುಗಳ ಮೇಲೆ ಘೋರವಾದ ಪ್ರಯೋಗಗಳನ್ನು ನಡೆಸಿದರು. ಅವರನ್ನು ವಿಚಾರಿಸಿದ ನ್ಯೂರೆಂಬರ್ಗ್ ನ್ಯಾಯಪೀಠವು ೧೯೪೭ರಲ್ಲಿ ವಿಧಿಸಿದ ಹತ್ತು ಸೂತ್ರಗಳಲ್ಲಿ ಮೊದಲನೆಯದೇ ಸ್ವಯಂಪ್ರೇರಿತವಾದ ಸಮ್ಮತಿಯು ಅನಿವಾರ್ಯವೆಂಬುದು. ನಮ್ಮ ಸರ್ವೋಚ್ಚ ನ್ಯಾಯಾಲಯದ ಮುಂದೆ ೨೦೦೮ರಲ್ಲಿ ತೀರ್ಮಾನವಾದ ವ್ಯಾಜ್ಯವೊಂದನ್ನು ನೋಡಿ. ಪರೀಕ್ಷೆಗೆಂದು ಮಾತ್ರ ಒಪ್ಪಿದ ಮಹಿಳೆಯೊಬ್ಬರಿಗೆ ಅರಿವಳಿಕೆಯನ್ನು ಕೊಟ್ಟಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆಯನ್ನು ಪಡೆದು ವೈದ್ಯರು ಗರ್ಭಕೋಶವನ್ನೇ ತೆಗೆದುಬಿಟ್ಟಿದ್ದರು. ಆ ಕ್ಷಣದಲ್ಲಿ ಪ್ರಾಣಾಪಾಯವಿಲ್ಲದಿದ್ದುದರಿಂದ, ವಯಸ್ಸಿಗೆ ಬಂದ ಮಗಳ ಪರವಾಗಿ ತಾಯಿಯಿತ್ತ ಸಮ್ಮತಿಯು ಸಮ್ಮತಿಯೇ ಅಲ್ಲವೆಂದು ನ್ಯಾಯಾಲಯವು ಹೇಳಿತು. ಹೆತ್ತ ತಾಯಿಗೇ ಇಲ್ಲದ ಅಧಿಕಾರವು ಕೈಹಿಡಿದ ಗಂಡನಿಗೆ ಎಲ್ಲಿಯದು? ನಮ್ಮ ಶಿಷ್ಯೆಯು ಕಾಗದವನ್ನು ಹಿಂದಕ್ಕೆಳೆದುಕೊಂಡುದರ ಹಿಂದೆ ಇಷ್ಟೆಲ್ಲ ಚರಿತ್ರೆಯಿತ್ತು.

ಮೌನದ ಪ್ರಶ್ನೆಗೂ ಕಡೆಗೆ ಉತ್ತರವು ಸಿಕ್ಕಿತು. ಸ್ತ್ರೀಯರ ಮಾನರಕ್ಷಣೆಗಾಗಿ ೨೦೧೩ರಲ್ಲಿ ದಂಡಸಂಹಿತೆಯನ್ನು ತಿದ್ದಿದಾಗ, ಸಮ್ಮತಿಯೆಂದರೆ ಮಾತಿನಿಂದಲೋ ಸನ್ನೆಯಿಂದಲೋ ಸ್ಪಷ್ಟವಾಗಿ ತಿಳಿಸಿದ ಸ್ವಯಂಪ್ರೇರಿತವಾದ ಒಪ್ಪಿಗೆಯೆಂದೂ, ಎದುರಿಸಲಿಲ್ಲವೆಂಬ ಕಾರಣಮಾತ್ರದಿಂದ ಒಬ್ಬಳು ಒಪ್ಪಿದಳೆಂದು ತಿಳಿಯಕೂಡದೆಂದೂ ಬರೆದರು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯಲ್ಲಿಯೂ ಈ ವಿವರಣೆಯು ಉಳಿದಿದೆ. ಉಲ್ಪಿಯನ್ನನ ಮಾತನ್ನು ಅಳಿಸಲು ಸಾವಿರದ ಎಂಟುನೂರು ವರ್ಷ ಬೇಕಾಯಿತು.

ಇಷ್ಟು ಕಷ್ಟದಿಂದ ಬಂದ ವಸ್ತುವನ್ನು ನಾವು ಇಂದು ಹೇಗೆ ಖರ್ಚುಮಾಡುತ್ತಿದ್ದೇವೆ? ನಮ್ಮ ಮೊಮ್ಮಗನು ಮೊಬೈಲಿನಲ್ಲಿ ‘ಐ ಅಗ್ರೀ’ ಎಂಬುದನ್ನು ದಿನಕ್ಕೆ ಎಷ್ಟು ಸಲ ಒತ್ತುವನೋ ಲೆಕ್ಕವಿಲ್ಲ. ಮೇಲಿನ ಒಂದು ಸಾಲನ್ನೂ ಓದಿದವನಲ್ಲ. ೨೦೨೩ರಲ್ಲಿ ಅಂಗೀಕೃತವಾದ, ವ್ಯಕ್ತಿಗಳ ಮಾಹಿತಿಯ ರಕ್ಷಣೆಯ ಕಾಯಿದೆಯು ಇಂಥ ಸಮ್ಮತಿಯು ಸ್ವತಂತ್ರವೂ ನಿರ್ದಿಷ್ಟವೂ ತಿಳಿದು ಕೊಟ್ಟುದೂ ಆಗಿರಬೇಕೆನ್ನುತ್ತದೆ. ಸಂವಿಧಾನದ ಎಂಟನೆಯ ಅನುಸೂಚಿಯ ೨೨ ಭಾಷೆಗಳಲ್ಲಿ ಬೇಕಾದುದರಲ್ಲಿ ಅದನ್ನು ಓದುವ ಅವಕಾಶವಿರಬೇಕೆಂದೂ ಹೇಳುತ್ತದೆ. ಅವುಗಳಲ್ಲಿ ಕನ್ನಡವೂ ಒಂದು. ಒಂದೇ ಅರ್ಥದಲ್ಲಿ ಒಪ್ಪಬೇಕಾದರೆ ಅರ್ಥವು ಮೊದಲು ತಿಳಿಯಬೇಕಷ್ಟೆ. ತಿಳಿಯದ ಭಾಷೆಯ ಕಾಗದಕ್ಕೆ ಹಾಕಿದ ಸಹಿಯಲ್ಲಿ ಒಪ್ಪವಿದೆ, ಒಪ್ಪಿಗೆಯಿಲ್ಲ. ಆದುದರಿಂದ ಆಸ್ಪತ್ರೆಯಲ್ಲಾಗಲಿ ಬ್ಯಾಂಕಿನಲ್ಲಾಗಲಿ, ‘ಇದನ್ನು ಕನ್ನಡದಲ್ಲಿ ತಿಳಿಸಿ’ ಎಂದು ಕೇಳಲು ಗೃಹಸ್ಥರು ನಾಚತಕ್ಕದ್ದಿಲ್ಲ.

ಮತ್ತೆ ಆ ದಿನದ ಆಸ್ಪತ್ರೆಗೆ ಬರೋಣ. ಆ ಕಾಗದದ ಇನ್ನೊಂದು ಬದಿಯಲ್ಲಿ ಕನ್ನಡವಿತ್ತು. ನಮ್ಮ ಮನೆಯವರು ಕನ್ನಡಕವನ್ನು ಸರಿಪಡಿಸಿಕೊಂಡು ಎಡಗಣ್ಣಿನಿಂದ ಮೊದಲಿನಿಂದ ಕೊನೆಯವರೆಗೆ ಓದಿದರು. ಆಮೇಲೆ ವೈದ್ಯರನ್ನು ಎರಡು ಪ್ರಶ್ನೆ ಕೇಳಿದರು. ಆ ಎರಡೂ ನಮಗೆ ತೋಚಿರಲಿಲ್ಲ. ಕಡೆಗೆ, “ಸೋಮವಾರ ಬೇಡ, ಮುಂದಿನ ವಾರವಾಗಲಿ, ಆಗ ನಮ್ಮಕ್ಕ ಬಂದಿರುತ್ತಾಳೆ, ನನಗೆ ಧೈರ್ಯ” ಎಂದು ಹೇಳಿ, ದಿನವನ್ನು ಬದಲಾಯಿಸಿಕೊಂಡು ತಾವೇ ಸಹಿಮಾಡಿದರು. ನಾವು ದಿನವನ್ನು ಗೊತ್ತುಮಾಡುವಾಗ ಅವರು ಪಕ್ಕದಲ್ಲಿಯೇ ಕುಳಿತಿದ್ದರು, ಏನೂ ಹೇಳಿರಲಿಲ್ಲ. ನಾವು ಕೇಳಿರಲಿಲ್ಲ.

ಈ ಲೇಖನವನ್ನು ಬರೆಯುತ್ತಿರುವಾಗ ನಮಗೆ ಮತ್ತೊಂದು ಹಳೆಯ ಸಂಗತಿಯು ನೆನಪಾಯಿತು. ೩೫ ವರ್ಷಗಳ ಕೆಳಗೆ ನಾವು ಹೆಣ್ಣು ನೋಡಲು ಹೋಗಿದ್ದಾಗ, ಕಾಫಿಯ ತಟ್ಟೆಯನ್ನು ಹಿಡಿದು ಬಂದ ಹುಡುಗಿಯನ್ನು ಅವರ ಸೋದರಮಾವನವರು “ಏನಮ್ಮಾ?” ಎಂದರು. ಅವರು ತಲೆಯೆತ್ತಲಿಲ್ಲ. ನಾವೇ, ಪಾಂಡಿತ್ಯದ ಹುರುಪಿನಲ್ಲಿ, ‘ಮೌನಂ ಸಮ್ಮತಿಲಕ್ಷಣಂ’ ಎಂದೆವು, ಎಲ್ಲರೂ ನಕ್ಕರು, ಲಗ್ನವು ನಿಶ್ಚಯವಾಯಿತು. ಆ ಮಾತನ್ನು ಮುಂದೆ ಎಷ್ಟೋ ತರಗತಿಗಳಲ್ಲಿ ಮಕ್ಕಳಿಗೆ ಕಲಿಸಿದೆವು. ಮೊನ್ನೆ ಸಾಯಂಕಾಲ ಅವರು ದೀಪ ಹಚ್ಚಿ ಬಂದು ಕುಳಿತಾಗ, “ಅಂದು ಸುಮ್ಮನಿದ್ದೆಯಲ್ಲ, ಅದು ಒಪ್ಪಿಗೆಯೇ ಆಗಿತ್ತೆ?” ಎಂದು ಕೇಳಿದೆವು.

ಅವರು ಸ್ವಲ್ಪ ಹೊತ್ತು ನಮ್ಮ ಮುಖವನ್ನೇ ನೋಡಿದರು. “ತಟ್ಟೆಯಲ್ಲಿ ಆರು ಲೋಟಗಳಿದ್ದವು, ಚೆಲ್ಲದಂತೆ ಹಿಡಿದು ನಿಲ್ಲುವುದೇ ನನಗೆ ಸಾಕಾಗಿತ್ತು. ನೀವು ಕೇಳಿದ್ದರೆ ಹೇಳುತ್ತಿದ್ದೆ” ಎಂದರು.

ಶಾಸ್ತ್ರಗಳೂ ಕಾಯಿದೆಗಳೂ ಸೇರಿ ಈ ಶಬ್ದಕ್ಕೆ ಎಷ್ಟೋ ಲಕ್ಷಣಗಳನ್ನು ಬರೆದಿವೆ. ಗೃಹಸ್ಥರಾದ ನಮಗೆ ಅಷ್ಟೆಲ್ಲ ಬೇಕಾಗಿಲ್ಲ. ಮಗನ ವಿದ್ಯೆ, ಮಗಳ ವಿವಾಹ, ಮನೆಯವರ ಔಷಧ, ಮುದಿ ತಾಯಿಯನ್ನು ಯಾರ ಮನೆಯಲ್ಲಿರಿಸಬೇಕೆಂಬ ಮಾತು, ಇವುಗಳನ್ನು ನಿಶ್ಚಯಿಸುವ ಮೊದಲು ಅದು ಯಾರಿಗೆ ಸಂಬಂಧಿಸಿದ್ದೋ ಅವರನ್ನೇ ಒಮ್ಮೆ ಕೇಳುವುದು. ಕೇಳಿದ ಮೇಲೆ ಉತ್ತರ ಬರುವವರೆಗೆ ಕಾಯುವುದು. ಇಷ್ಟನ್ನು ಮಾಡಿದರೆ ‘ಕನ್ಸೆಂಟ್’ ಎಂಬ ಆ ಪರದೇಶದ ಶಬ್ದವು ನಮ್ಮ ಮನೆಯ ಮಾತೇ ಆದೀತು.